ಸಮುದಾಯ ರೇಡಿಯೊದಲ್ಲಿ ಜಾಝ್: ಕನ್ನಡದಲ್ಲಿ ಒಂದು ಗಂಟೆಯ ಕಾರ್ಯಕ್ರಮ ನಡೆಸಿದ ನನ್ನ ಅನುಭವ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಸಮುದಾಯ ರೇಡಿಯೊ ಕೇಂದ್ರದಲ್ಲಿ ನಾನು ಸ್ವಯಂಸೇವಕನಾಗಿ ವಾರಕ್ಕೊಮ್ಮೆ ಒಂದು ಗಂಟೆಯ ಕಾರ್ಯಕ್ರಮ ನಡೆಸುತ್ತಿದ್ದೇನೆ. ಅದರಲ್ಲಿ ಜಾಝ್ ಸಂಗೀತವಿರುತ್ತದೆ. ಅದರ ನಡುನಡುವೆ ಆ ವಾರ ನಮ್ಮ ಆಸುಪಾಸಿನಲ್ಲಿ ನಡೆಯುವ ನಾಟಕ, ಸಂಗೀತ ಕಚೇರಿ, ಚಿತ್ರಪ್ರದರ್ಶನಗಳ ವಿವರವಿರುತ್ತದೆ. ಹನುಮಂತನಗರದವರಿಗೆ, ಬನಶಂಕರಿಯವರಿಗೆ ಜಾಝ್ ಏಕೆ ಎಂದು ಕೇಂದ್ರದೊಳಗೇ ಕೇಳಿದವರಿದ್ದರು. ಕೇಳುಗರಿಗೆ ಮೊದಲೇ ಗೊತ್ತಿರುವ ಕಿವಿಯಿಂದ, ಅಂದರೆ ತಾಳ ಹಾಕುವ ಮತ್ತು ಶ್ರುತಿ ಹಿಡಿಯುವ ಕಿವಿಯಿಂದ ಜಾಝ್ ಕೇಳಿಸಿದರೆ ಅದಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ ಎಂಬುದು ನನ್ನ ಉತ್ತರವಾಗಿತ್ತು, ಈಗಲೂ ಅದೇ. ಆದರೆ ಅದನ್ನು ಪ್ರಸಾರದಲ್ಲಿ ಮಾಡಿ ತೋರಿಸಲು ಬಹಳಷ್ಟು ಸಣ್ಣಪುಟ್ಟ ಕೆಲಸಗಳನ್ನು ಕಲಿಯಬೇಕಾಯಿತು. ಇಂಥದ್ದೇ ಕಾರ್ಯಕ್ರಮ ಮಾಡಬೇಕೆಂದಿರುವವರಿಗೆ ಉಪಯೋಗವಾಗಲೆಂದು ಅವುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಯಮಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಶಿಕ್ಷಣ ಸಂಸ್ಥೆಗಳಿಗಷ್ಟೇ ಸಿಗುತ್ತಿದ್ದ ಸಮುದಾಯ ರೇಡಿಯೊ ಪರವಾನಗಿ 2006ರ ನೀತಿಯ ನಂತರ ಸ್ವಯಂಸೇವಾ ಸಂಸ್ಥೆಗಳಿಗೂ ಸಿಗುವಂತಾಯಿತು. ಪ್ರಸಾರದ ಶಕ್ತಿಯನ್ನು ಸಾಮಾನ್ಯವಾಗಿ 100 ವ್ಯಾಟ್‌ಗೆ, ಆಂಟೆನಾದ ಎತ್ತರವನ್ನು 30 ಮೀಟರ್‌ಗೆ ಮಿತಿಗೊಳಿಸಲಾಗಿದೆ. ಹಾಗಾಗಿ ನಮ್ಮ ದನಿ ಸುತ್ತಲಿನ ಕೆಲವು ಬಡಾವಣೆಗಳನ್ನು ದಾಟಿ ಹೋಗುವುದಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇಕಡ 50ರಷ್ಟು ಸ್ಥಳೀಯವಾಗಿ ತಯಾರಾಗಿರಬೇಕು ಎಂಬ ಇನ್ನೊಂದು ನಿಯಮವಿದೆ. ನನ್ನ ಕಾರ್ಯಕ್ರಮಕ್ಕೆ ಆಕಾರ ಕೊಟ್ಟದ್ದು ಈ ನಿಯಮವೇ ಎನ್ನಬೇಕು. ಅಮೆರಿಕದ ಧ್ವನಿಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಹಾಕುತ್ತ ಕುಳಿತರೆ ಅದು ಅಂತರಜಾಲದಲ್ಲಿ ಸಿಗುವ ಸಾವಿರಾರು ಪಟ್ಟಿಗಳಲ್ಲಿ ಒಂದಾಗುತ್ತದೆಯೇ ಹೊರತು ನಮ್ಮ ಬಡಾವಣೆಯ ರೇಡಿಯೊ ಆಗುವುದಿಲ್ಲ. ಸ್ಥಳೀಯ ಕಲಾಕಾರ್ಯಕ್ರಮಗಳ ವಿವರ, ಸ್ಟುಡಿಯೊಗೆ ಬರುವ ಸ್ಥಳೀಯ ವಾದಕರು, ಕೇಳುಗರ ಮಾತು ಇವೆಲ್ಲ ಸೇರಿದಾಗ ಮಾತ್ರ ಜಾಝ್‌ಗೆ ಇಲ್ಲಿ ಕೂರಲು ಜಾಗ ಸಿಗುತ್ತದೆ.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಜಾಝ್ ಹುಟ್ಟಿದ ಅಮೆರಿಕದ ನ್ಯೂ ಆರ್ಲಿಯನ್ಸ್‌ನಿಂದ ಅಲ್ಲ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿತು, ಅದರಲ್ಲಿ ಆರ್.ಎ. ರಮಾಮಣಿಯವರ ಗಾಯನವಿದೆ. ಮರಿಯಾನೊ ನಾಗಸ್ವರವನ್ನೂ ಕಲಿತವರು. ಮೊದಲ ವಾರ ನಾನು ಇದನ್ನೇ ಹಾಕಿದೆ. ಎರಡನೆಯದಾಗಿ ಕದ್ರಿ ಗೋಪಾಲನಾಥರನ್ನು ತಂದೆ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಸ್ವರವನ್ನು ತೂಗಿ ಆಡಿಸುವ ನಮ್ಮ ಗಮಕಕ್ಕೆ ಒಗ್ಗುವಂತೆ ವಾದ್ಯವನ್ನು ಪಳಗಿಸಿಕೊಂಡ ಕಥೆಯನ್ನು ನಮ್ಮ ಕೇಳುಗರಿಗೆ ಹೊಸದಾಗಿ ಹೇಳಬೇಕಿರಲಿಲ್ಲ. ಅದೇ ಕದ್ರಿಯವರು ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಒಂದೇ ವಾದ್ಯ, ಎರಡು ಶಿಕ್ಷಣ, ಒಂದೇ ವೇದಿಕೆ. ಹೆಸರು ಕೇಳಿದ ಕೂಡಲೇ, 'ಈ ಮಹಾಂತಪ್ಪ ಯಾವ ಊರಿನವರು ಸಾರ್?' ಎಂದು ಫೋನು ಬಂತು. ಜಾಝ್ ಎಂದರೇನು ಎಂಬ ಭಾಷಣಕ್ಕಿಂತ ಆ ಪ್ರಶ್ನೆಯಿಂದ ಮಾತು ಮುಂದುವರಿಸುವುದು ಸುಲಭವಾಯಿತು.

ಕೇಳುಗರ ಕಿವಿಯನ್ನು ನಂಬುವುದು ಎಂದೆನಲ್ಲ, ಅದಕ್ಕೆ ತಾಳದಿಂದ ಹೊರಡುವುದು ಒಳ್ಳೆಯದು. ಹನುಮಂತನಗರದಲ್ಲಿ ಮೃದಂಗ ಕಲಿಸುವ ಹಿರಿಯ ಮೇಷ್ಟ್ರೊಬ್ಬರನ್ನು ಸ್ಟುಡಿಯೊಗೆ ಕರೆತಂದು, ಹೆಚ್ಚೇನೂ ಹೇಳದೆ, 1959ರಲ್ಲಿ ಅಮೆರಿಕದ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ತಂಡ ನುಡಿಸಿದ 'ಟೇಕ್ ಫೈವ್' ಹಾಕಿದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ ತೊಡೆಯ ಮೇಲೆ ತಟ್ಟತೊಡಗಿದರು. 'ಐದು ಕಣಯ್ಯ. ಖಂಡಚಾಪೇ, ಆದರೆ ಹಿಂದುಮುಂದಾಗಿದೆ' ಎಂದರು. ಖಂಡಚಾಪು ತಾಳದ ಐದರಲ್ಲಿ ಎರಡು ಮೊದಲು, ಮೂರು ಆಮೇಲೆ. 'ಹೌದು ಮೇಷ್ಟ್ರೇ, ಇಲ್ಲಿ ಮೂರು ಮೊದಲು, ಎರಡು ಆಮೇಲೆ' ಎಂದೆ. ಜೋ ಮೊರೆಲ್ಲೊ ಅವರ ಡ್ರಮ್ ಸೋಲೊ ಬಂದಾಗ ಪಿಯಾನೊ ಅದೇ ಐದರ ಲೆಕ್ಕವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಮೇಷ್ಟ್ರು ಅದನ್ನು ಗುರುತಿಸಿ, ತನಿಯಲ್ಲಿ, ಅಂದರೆ ಮೃದಂಗದವರು ಒಬ್ಬರೇ ನುಡಿಸುವಾಗ, ಗಾಯಕರು ತಾಳ ಹಾಕಿಕೊಂಡು ಕುಳಿತಿರುವಂತೆ ಆ ಪಿಯಾನೊದವನು ಕುಳಿತಿದ್ದಾನೆ ಎಂದು ಮೈಕಿನಲ್ಲಿಯೇ ಹೇಳಿದರು. ನಾನು ಎಷ್ಟು ಪುಟ ಬರೆದುಕೊಂಡು ಓದಿದ್ದರೂ ಆ ಒಂದು ಮಾತಿನಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರವೂ ಬೇಕು. ಸಾಮ್ಯ ಕಂಡೊಡನೆ ಇದೆಲ್ಲ ನಮ್ಮಿಂದಲೇ ಹೋದದ್ದು ಎನ್ನುವ ಉತ್ಸಾಹ ನಮ್ಮಲ್ಲಿ ಬಹಳ. ಅದೇ ಧ್ವನಿಮುದ್ರಿಕೆಯಲ್ಲಿರುವ 'ಬ್ಲೂ ರೊಂಡೊ' ಕೃತಿಯ ಒಂಬತ್ತರ ಲೆಕ್ಕ, ಅಂದರೆ ಎರಡು, ಎರಡು, ಎರಡು, ಮೂರು ಎಂಬ ವಿಂಗಡಣೆ, ಬ್ರೂಬೆಕ್ ಅವರಿಗೆ ಸಿಕ್ಕಿದ್ದು ಟರ್ಕಿಯ ಬೀದಿ ವಾದಕರಿಂದ. ಪ್ರಸಾರದಲ್ಲಿ ಅದನ್ನು ಹಾಗೆಯೇ ಹೇಳುತ್ತೇನೆ. ಒಂಬತ್ತರ ಲೆಕ್ಕದ ನಮ್ಮ ಸಂಕೀರ್ಣ ನಡೆಯ ಅಭ್ಯಾಸವಿರುವ ಕೇಳುಗರು ಅದನ್ನು ಸುಲಭವಾಗಿ ಹಿಡಿಯುತ್ತಾರೆ ಎಂಬುದು ಒಂದು ಮಾತು; ಅದು ನಮ್ಮದು ಎನ್ನುವುದು ಬೇರೆಯೇ ಮಾತು.

ಶ್ರುತಿಯ ವಿಷಯದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಸೋ ವಾಟ್'. 1959ರ 'ಕೈಂಡ್ ಆಫ್ ಬ್ಲೂ' ಮುದ್ರಿಕೆಯ ಮೊದಲ ಕೃತಿ ಅದು. ಅದರ ಆಧಾರವಾದ ಡೋರಿಯನ್ ಸ್ವರಶ್ರೇಣಿಯ ಸ್ವರಸ್ಥಾನಗಳೂ ನಮ್ಮ 22ನೇ ಮೇಳಕರ್ತ, ಅಂದರೆ ಮೂಲರಾಗವಾದ ಖರಹರಪ್ರಿಯದ ಸ್ವರಸ್ಥಾನಗಳೂ ಒಂದೇ. ಸ್ವರಸ್ಥಾನ ಒಂದಾದ ಮಾತ್ರಕ್ಕೆ ರಾಗ ಒಂದಾಗುವುದಿಲ್ಲ, ಅಲ್ಲಿ ನಮ್ಮ ಗಮಕವಿಲ್ಲ, ಸಂಚಾರವಿಲ್ಲ. ಆದರೂ ಕಿವಿಗೆ ಕಾಲಿಡಲು ಒಂದು ಮೆಟ್ಟಿಲು ಸಿಗುತ್ತದೆ. ಕೃತಿಯ ಒಂದು ಸುತ್ತು 32 ಬಾರ್‌ಗಳದ್ದು (ಬಾರ್ ಎಂದರೆ ನಮ್ಮ ತಾಳದ ಆವರ್ತದಂಥ ಒಂದು ಅಳತೆ): ಮೊದಲ 16 ಬಾರ್ ಒಂದು ಆಧಾರ ಶ್ರುತಿಯಲ್ಲಿ, ಮುಂದಿನ 8 ಅದಕ್ಕಿಂತ ಅರ್ಧ ಮನೆ ಮೇಲೆ, ಕೊನೆಯ 8 ಮತ್ತೆ ಮೊದಲಿನ ಶ್ರುತಿಯಲ್ಲಿ. ಇದನ್ನು ವಿವರಿಸುವ ಬದಲು ಸ್ಟುಡಿಯೊದಲ್ಲಿದ್ದ ಎಲೆಕ್ಟ್ರಾನಿಕ್ ತಂಬೂರವನ್ನು ಹಾಡಿನ ಆಧಾರ ಶ್ರುತಿಯಾದ ಎರಡು ಮನೆಗೆ ಇಟ್ಟು, ಹಾಡಿನ ಕೆಳಗೆ ಮೆಲ್ಲಗೆ ಬಿಟ್ಟೆ. ಮೊದಲ 16 ಬಾರ್ ತಂಬೂರ ಹಾಡಿನೊಳಗೆ ಕರಗಿಹೋಗಿತ್ತು. ನಡುವಿನ 8 ಬಾರ್ ಬಂದಾಗ ಹಲ್ಲು ಕಚ್ಚುವಷ್ಟು ಅಪಸ್ವರ. ಮತ್ತೆ ಕೊನೆಯ 8ರಲ್ಲಿ ಎಲ್ಲವೂ ಸರಿ. ಆಧಾರಷಡ್ಜ ಅಲುಗದ ಸಂಗೀತದಲ್ಲಿ ಬೆಳೆದವರಿಗೆ ಈ ಅಲುಗಾಟ ತಟ್ಟನೆ ತಿಳಿಯುತ್ತದೆ. ಆ ಮೇಲೆ ತಂಬೂರ ನಿಲ್ಲಿಸಿ ಇಡೀ ಕೃತಿಯನ್ನು ಕೇಳಿಸಿದೆ.

ಈ ಪ್ರಯೋಗ ಮಾಡುವವರು ಒಂದು ಸಂಗತಿ ಗಮನಿಸಬೇಕು. ಆ ಮುದ್ರಿಕೆಯ ಮೊದಲ ಭಾಗವನ್ನು ದಾಖಲಿಸಿದ ಟೇಪ್ ಯಂತ್ರದ ವೇಗ ಕಡಿಮೆಯಿದ್ದ ಕಾರಣ ಹಳೆಯ ಪ್ರತಿಗಳಲ್ಲಿ ಶ್ರುತಿ ತುಸು ಏರಿರುತ್ತದೆ. 1990ರ ದಶಕದ ಮರುಮುದ್ರಣಗಳಲ್ಲಿ ಅದನ್ನು ಸರಿಪಡಿಸಲಾಯಿತು. ಹಳೆಯ ಪ್ರತಿಯ ಜೊತೆ ತಂಬೂರ ಎಲ್ಲಿಯೂ ಕೂಡುವುದಿಲ್ಲ, ಸರಿಪಡಿಸಿದ ಪ್ರತಿಯನ್ನೇ ಬಳಸಬೇಕು. ಇನ್ನೊಂದು, 9 ನಿಮಿಷಕ್ಕೂ ಮೀರಿದ ಈ ಕೃತಿಯ ಸದ್ದನ್ನು ಅರ್ಧದಲ್ಲೇ ಇಳಿಸಿ ಮಾತು ಆರಂಭಿಸಬಾರದು. ಪಲ್ಲವಿ ಹಾಡಿ, ಅದೇ ಸಾಲನ್ನು ವಿಸ್ತರಿಸುವ ನೆರವಲು ಬರುವ ಮೊದಲೇ ಮೈಕ್ ಆರಿಸಿದಂತಾಗುತ್ತದೆ ಅದು. ಕಡಿಮೆ ಕೃತಿಗಳಿರಲಿ, ಪೂರ್ತಿ ಇರಲಿ ಎಂಬುದನ್ನು ಕೇಂದ್ರದವರು ಒಪ್ಪಲು ಕೆಲವು ತಿಂಗಳು ಹಿಡಿದವು.

ತಾಂತ್ರಿಕವಾಗಿ ಜಾಝ್ ನಮ್ಮಂಥ ಸಣ್ಣ ಪ್ರಸಾರಕ್ಕೆ ಅಷ್ಟೇನೂ ಅನುಕೂಲವಾದ ಸಂಗೀತವಲ್ಲ. ಕತ್ರಿಗುಪ್ಪೆಯಿಂದ ಒಬ್ಬರು ಫೋನ್ ಮಾಡಿ, 'ಸಾರ್, ನಿಮ್ಮ ಸ್ಟೇಷನ್ ಸರಿಯಾಗಿ ಹಿಡೀತಿಲ್ಲ, ಬರೀ ಸೊಯ್ ಅಂತಿದೆ' ಎಂದರು. ಆಗ ಪ್ರಸಾರವಾಗುತ್ತಿದ್ದುದು ಒಂದು ನಿಧಾನಗತಿಯ ಕೃತಿ. ಡ್ರಮ್ ವಾದಕ ಕೋಲುಗಳನ್ನು ಬಿಟ್ಟು ತಂತಿಯ ಬ್ರಷ್‌ಗಳಿಂದ ಚರ್ಮವನ್ನು ಸವರುತ್ತಿದ್ದರು. ಸಿಗ್ನಲ್ ಕ್ಷೀಣವಾಗಿರುವ ಅಂಚಿನ ಬಡಾವಣೆಗಳಲ್ಲಿ ಆ ಸದ್ದಿಗೂ ರೇಡಿಯೊದ ಗೊರಗೊರಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಂದಿನಿಂದ ಬ್ರಷ್ ನುಡಿಸುವ ಕೃತಿಗಳಿಗೆ ಮುಂಚೆ ಒಂದು ಸಾಲು ಸೂಚನೆ ಕೊಡುತ್ತೇನೆ. ಡಬಲ್ ಬಾಸ್‌ನದು ಇನ್ನೊಂದು ಸಮಸ್ಯೆ. ಅದರ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್. ನಮ್ಮ ಕೇಳುಗರಲ್ಲಿ ಬಹುಪಾಲು ಜನ ಕೇಳುವುದು ಮೊಬೈಲಿನಲ್ಲಿ, ಅದರ ಪುಟ್ಟ ಸ್ಪೀಕರಿನಲ್ಲಿ ಆ ಸ್ವರ ಹುಟ್ಟುವುದೇ ಇಲ್ಲ. ಇಯರ್‌ಫೋನಿನ ತಂತಿಯೇ ಆಂಟೆನಾ ಆಗಿ ಕೆಲಸ ಮಾಡುವುದರಿಂದ ಅದನ್ನು ಹೇಗೂ ಸಿಕ್ಕಿಸಬೇಕು. ಬಾಸ್ ಸೋಲೊ ಇರುವ ದಿನ, ಸ್ಪೀಕರಿಗೆ ಬದಲಾಯಿಸದೆ ಕಿವಿಯಲ್ಲಿಯೇ ಇಟ್ಟುಕೊಂಡು ಕೇಳಿ ಎಂದು ಕೇಳಿಕೊಳ್ಳುತ್ತೇನೆ. ಧ್ವನಿಯ ಏರಿಳಿತವನ್ನು ಸಮ ಮಾಡುವ ಕಂಪ್ರೆಸರನ್ನು ನನ್ನ ಗಂಟೆಯಲ್ಲಿ ಸಡಿಲಗೊಳಿಸುವುದಕ್ಕೆ ತಾಂತ್ರಿಕ ಸಹಾಯಕರನ್ನು ಒಪ್ಪಿಸಿದ್ದೂ ಆಯಿತು. ಮಾತಿಗೆಂದು ಹೊಂದಿಸಿದ್ದ ಅದು ಮೆಲ್ಲಗೆ ನುಡಿಸಿದ್ದನ್ನೆಲ್ಲ ಎತ್ತಿ ಹಿಡಿದು, ಜೋರಾಗಿ ನುಡಿಸಿದ್ದನ್ನು ಅದುಮಿ, ಇಡೀ ತಂಡವನ್ನು ಒಂದೇ ಮಟ್ಟಕ್ಕೆ ತಂದುಬಿಡುತ್ತಿತ್ತು.

ಇನ್ನು ಕಲಾಕಾರ್ಯಕ್ರಮಗಳ ಭಾಗ. ಸಮುದಾಯ ರೇಡಿಯೊ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲವಾದರೂ ಸ್ಥಳೀಯ ಸಾಂಸ್ಕೃತಿಕ ಕಾರ್ಯಕ್ರಮಗಳ ವಿವರಕ್ಕೆ ಅಡ್ಡಿಯಿಲ್ಲ. ಮೊದಮೊದಲು ನನಗೆ ಬರುತ್ತಿದ್ದುದು ಮೊಬೈಲಿಗೆ ಕಳಿಸಿದ ಪೋಸ್ಟರ್‌ಗಳು. ಅವುಗಳಲ್ಲಿ ಕಲಾವಿದರ ಫೋಟೊ ದೊಡ್ಡದಾಗಿರುತ್ತದೆ, ಪ್ರಾಯೋಜಕರ ಗುರುತುಗಳು ಸಾಲಾಗಿ ನಿಂತಿರುತ್ತವೆ, ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ನಮ್ಮ ಕೇಳುಗರಿಗೆ ಬೇಕಾದದ್ದು ಅದೇ, ಏಕೆಂದರೆ ಮರಳುವ ಬಸ್ಸು ಅದರ ಮೇಲೆ ನಿಂತಿದೆ. ಹಾಗಾಗಿ ಸಂಘಟಕರಿಗೆ ನಾನೇ ಫೋನ್ ಮಾಡಿ ಆರಂಭ, ಮುಕ್ತಾಯ, ಟಿಕೆಟ್ ಇದೆಯೇ ಇಲ್ಲವೇ, ಹತ್ತಿರದ ಬಸ್ ನಿಲ್ದಾಣ ಯಾವುದು, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ಎಂದು ಕೇಳಿ ಬರೆದುಕೊಳ್ಳುತ್ತೇನೆ. ರಂಗಶಂಕರದ ನಾಟಕವನ್ನು ಹೇಳುವಾಗ, ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ ಎಂಬುದನ್ನು ಪ್ರತಿ ಸಲವೂ ಸೇರಿಸುತ್ತೇನೆ, ಬನಶಂಕರಿಯಿಂದ ಜೆ.ಪಿ. ನಗರಕ್ಕೆ ಸಂಜೆಯ ಹೊತ್ತು ಹೋದವರಿಗೆ ಇದರ ಮಹತ್ವ ಗೊತ್ತು.

ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ನನ್ನದೇ ಅಳತೆ ಇದೆ. ನಡೆದು, ಅಥವಾ ಒಂದೇ ಬಸ್ಸಿನಲ್ಲಿ ತಲುಪಬಹುದಾದದ್ದು ಮೊದಲು: ಹನುಮಂತನಗರದ ಕೆ.ಎಚ್. ಕಲಾಸೌಧದ ನಾಟಕ, ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಉಪನ್ಯಾಸ ಅಥವಾ ಕಚೇರಿ, ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯ ಸಿನಿಮಾ. ಉಚಿತವಾದದ್ದು ಟಿಕೆಟ್ ಇರುವುದಕ್ಕಿಂತ ಮೊದಲು. ನಗರದ ಜಾಝ್ ಕಚೇರಿಗಳು ಹೆಚ್ಚಾಗಿ ನಡೆಯುವುದು ಪೂರ್ವದ ಕಡೆ, ಇಂದಿರಾನಗರ, ದೊಮ್ಮಲೂರು, ವೈಟ್‌ಫೀಲ್ಡ್‌ಗಳಲ್ಲಿ; ಅಲ್ಲಿಗೆ ನಮ್ಮ ಪ್ರಸಾರವೂ ತಲುಪುವುದಿಲ್ಲ, ಊಟದ ಬಿಲ್ಲಿನ ಜೊತೆ ಬರುವ ಸಂಗೀತಕ್ಕೆ ನಮ್ಮ ಕೇಳುಗರಲ್ಲಿ ಎಲ್ಲರ ಜೇಬೂ ತಲುಪುವುದಿಲ್ಲ. ಮೆಟ್ರೊದ ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡ ಮೇಲೆ ಬನಶಂಕರಿಯಲ್ಲಿ ಹಸಿರು ಮಾರ್ಗ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಹೋಗಬಹುದಾದ್ದರಿಂದ ಕೆಲವನ್ನು ಪಟ್ಟಿಗೆ ಸೇರಿಸಿದ್ದೇನೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಂಥ ಕಡೆ ಪ್ರವೇಶ ಉಚಿತವಾಗಿರುವ ಕಚೇರಿಗಳಿದ್ದರೆ ತಪ್ಪದೆ ಹೇಳುತ್ತೇನೆ. ಕಾರ್ತಿಕದ ಕಡಲೆಕಾಯಿ ಪರಿಷೆ, ಜನವರಿಯ ಚಿತ್ರಸಂತೆ ಇಂಥವಕ್ಕೆ ನನ್ನ ಪ್ರಚಾರದ ಅಗತ್ಯವಿಲ್ಲ. ಅವುಗಳ ಬದಲು ಪರಿಷೆಯ ಬೀದಿಯಲ್ಲಿ ಪೀಪಿ ಮಾರುವವರ ದನಿಯನ್ನು ಮುದ್ರಿಸಿಕೊಂಡು ಬಂದು ಹಾಕುತ್ತೇನೆ.

ಸ್ಥಳೀಯ ಜಾಝ್ ವಾದಕರನ್ನು ಹುಡುಕಲು ಸಭಾಂಗಣಗಳಿಗಿಂತ ಪಾಠದ ಮನೆಗಳಿಗೆ ಹೋಗುವುದು ಉತ್ತಮ. ಅವರಲ್ಲಿ ಹೆಚ್ಚಿನವರ ಜೀವನ ನಡೆಯುವುದು ಪಾಠದಿಂದ, ಮದುವೆ ಮತ್ತು ಕಂಪನಿ ಸಮಾರಂಭಗಳಿಂದ. ಫ್ರೇಜರ್ ಟೌನ್, ಕುಕ್ ಟೌನ್ ಕಡೆಯ ಚರ್ಚುಗಳಲ್ಲಿ ಕೀಬೋರ್ಡ್ ನುಡಿಸಿ ಬೆಳೆದವರು ಕೆಲವರು ನಮ್ಮಲ್ಲಿಗೆ ಬಂದಿದ್ದಾರೆ. ಕನ್ನಡದಲ್ಲಿ ಮಾತಾಡಲು ಮೊದಲು ಹಿಂಜರಿಯುತ್ತಾರೆ. ಬೀದಿಯಲ್ಲಿ ಆಡುವ ಕನ್ನಡವೇ ಸಾಕು, ಹಾಗೆಯೇ ಮಾತಾಡಿ ಎಂದರೆ ಚೆನ್ನಾಗಿ ಮಾತಾಡುತ್ತಾರೆ. ಅವರು ನುಡಿಸಿದ್ದನ್ನು ಪ್ರಸಾರ ಮಾಡಲು ಲಿಖಿತ ಒಪ್ಪಿಗೆ ಪಡೆಯುತ್ತೇನೆ, ಅದರಲ್ಲಿ ಮರುಪ್ರಸಾರದ ಮಾತೂ ಸೇರಿರುತ್ತದೆ. ವಾಣಿಜ್ಯ ಮುದ್ರಿಕೆಗಳ ವಿಷಯದಲ್ಲಿ ಧ್ವನಿಮುದ್ರಣದ ಹಕ್ಕು ಬೇರೆ, ಸಂಯೋಜನೆಯ ಹಕ್ಕು ಬೇರೆ ಎಂಬುದನ್ನು ಮರೆಯಬಾರದು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ, ಸಂಯೋಜನೆಯದು ಸಂಯೋಜಕರ ನಿಧನದ ನಂತರ 60 ವರ್ಷ. ಮೈಲ್ಸ್ ಡೇವಿಸ್ ತೀರಿಕೊಂಡದ್ದು 1991ರಲ್ಲಿ. ಮುದ್ರಣ ಹಳೆಯದಾಯಿತೆಂದು ಎಲ್ಲವೂ ಮುಕ್ತವೆಂದುಕೊಳ್ಳುವಂತಿಲ್ಲ. ಪ್ರಸಾರವಾದ ಕೃತಿಗಳ ಪಟ್ಟಿಯನ್ನು ಅಂದೇ ಬರೆದಿಟ್ಟರೆ ಆಮೇಲೆ ಒದ್ದಾಡುವುದು ತಪ್ಪುತ್ತದೆ.

ವರ್ಷದಲ್ಲಿ ನನಗೆ ಹೆಚ್ಚು ಕೆಲಸ ಏಪ್ರಿಲ್‌ನಲ್ಲಿ. 1939ರಲ್ಲಿ ಆರಂಭವಾದ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ನಡೆಯುವ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದ ದಿನಗಳವು. ಆ ತಿಂಗಳ 30 ಅಂತರರಾಷ್ಟ್ರೀಯ ಜಾಝ್ ದಿನವೂ ಹೌದು. ಕಾರ್ಯಕ್ರಮದ ಅರ್ಧ ಭಾಗ ಕೋಟೆಯ ಕಚೇರಿಗಳ ವಿವರಕ್ಕೇ ಹೋಗುತ್ತದೆ. ಈ ಬಾರಿಯ ಏಪ್ರಿಲ್ ಕೊನೆಯ ವಾರಕ್ಕೆ ಮೃದಂಗದ ಮೇಷ್ಟ್ರನ್ನೂ ಒಬ್ಬ ಡ್ರಮ್ ವಾದಕರನ್ನೂ ಒಟ್ಟಿಗೆ ಕೂರಿಸಲು ಮಾತಾಗಿದೆ. ನಮ್ಮ ಸ್ಟುಡಿಯೊದಲ್ಲಿ ಪೂರ್ತಿ ಡ್ರಮ್ ಸೆಟ್ ಹಿಡಿಯುವುದಿಲ್ಲವಾದ್ದರಿಂದ ಒಂದು ಸ್ನೇರ್, ಒಂದು ಸಿಂಬಲ್ ಸಾಕೆಂದು ವಾದಕರು ಒಪ್ಪಿದ್ದಾರೆ. ಪಕ್ಕದ ಕಟ್ಟಡದ ಜನರೇಟರ್ ಸದ್ದಿಲ್ಲದ ಭಾನುವಾರ ಬೆಳಗ್ಗೆ ಮುದ್ರಣ. ಬ್ರಷ್ ಬೇಡ, ಕೋಲೇ ಇರಲಿ ಎಂದು ಮೊದಲೇ ಹೇಳಿಟ್ಟಿದ್ದೇನೆ.