631 ಹಲಾಲಾ? ನಾನು ವಿಚಾರಿಸಿ ತಿಳಿದುಕೊಂಡ ಬಗೆ

ಶಿವಮೊಗ್ಗದಲ್ಲಿ ನಮ್ಮದು ಚಿಪ್ಸ್ ಅಂಗಡಿ. ಬಾಳೆಕಾಯಿ ಚಿಪ್ಸ್‌ಗೆ ಉಪ್ಪು, ಖಾರದಪುಡಿ ಸಾಕು. ಆಲೂಗಡ್ಡೆಯ ಟೊಮೆಟೊ, ಪುದೀನ ಫ್ಲೇವರ್‌ಗೆ ಮಾತ್ರ ಡೀಲರ್ ಹತ್ತಿರ ರೆಡಿ ಪುಡಿ ತರುತ್ತೇವೆ. ಆ ಚೀಲದ ಮೇಲೆ ಸಣ್ಣ ಅಕ್ಷರದಲ್ಲಿ ‘ಫ್ಲೇವರ್ ಎನ್‌ಹಾನ್ಸರ್ ಐಎನ್‌ಎಸ್ 627, 631’ ಅಂತ ಇರುತ್ತದೆ. ರುಚಿ ಹೆಚ್ಚಿಸುವ ಪದಾರ್ಥ ಅಂತ ಅರ್ಥ; ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ಇಂಥ ಪದಾರ್ಥಗಳಿಗೆ ಕೊಟ್ಟ ನಂಬರ್. 631 ಅಂದ್ರೆ ಹಂದಿ ಕೊಬ್ಬು ಅನ್ನೋ ವಾಟ್ಸಾಪ್ ಮೆಸೇಜ್ ನೀವೂ ನೋಡಿರ್ತೀರಿ. ಅದನ್ನೇ ತೋರಿಸಿ ಗಿರಾಕಿಗಳು ಕೇಳುತ್ತಾರೆ. ನಮ್ಮ ಮುಸ್ಲಿಮರಷ್ಟೇ ಅಲ್ಲ, ಸಸ್ಯಾಹಾರಿಗಳೂ ಕೇಳುತ್ತಾರೆ. ಮಾರುವವನು ನಾನು, ಹಾಗಾಗಿ ಉತ್ತರ ಕೊಡಬೇಕಾದವನೂ ನಾನೇ.

ಮೊದಲು ವಸ್ತು ಏನು ಅಂತ ತಿಳಿದುಕೊಂಡೆ. 631 ಅಂದರೆ ಡೈಸೋಡಿಯಂ ಇನೋಸಿನೇಟ್ (627 ಅಂದರೆ ಡೈಸೋಡಿಯಂ ಗ್ವಾನಿಲೇಟ್, ಅದೂ ಇದೇ ಜಾತಿಯದು). 631 ಕೊಬ್ಬಲ್ಲ, ನೀರಿನಲ್ಲಿ ಕರಗುವ ಬಿಳಿ ಪುಡಿ. ಟೇಸ್ಟಿಂಗ್ ಪೌಡರ್ ಅಂತೀವಲ್ಲ, ಆ 621ರ ಜೊತೆ ಸೇರಿದರೆ ರುಚಿ ತುಂಬ ಹೆಚ್ಚುತ್ತದೆ. ಇದನ್ನು ಮಾಂಸದಿಂದ, ಮೀನಿನಿಂದ ತೆಗೆಯಬಹುದು. ಮರಗೆಣಸಿನ ಪಿಷ್ಟ ಅಥವಾ ಸಕ್ಕರೆಯನ್ನು ಹುದುಗಿಸಿಯೂ ಮಾಡಬಹುದು. ಹೇಗೆ ಮಾಡಿದರೂ ನಂಬರ್ ಒಂದೇ. 635 ಅಂತ ಬರೆದಿದ್ದರೆ ಅದು 627 ಮತ್ತು 631 ಸೇರಿದ ಮಿಶ್ರಣ. ಅಲ್ಲೂ ಇದೇ ಪ್ರಶ್ನೆ ಬರುತ್ತದೆ. ಅಂದಮೇಲೆ ನಂಬರ್ ನೋಡಿ ಹರಾಮ್ ಅನ್ನೋದೂ ತಪ್ಪು, ಹಲಾಲ್ ಅನ್ನೋದೂ ತಪ್ಪು.

ಚೀಲದ ಮೇಲೆ ಹಸಿರು ಗುರುತು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮ ದೇಶದ ಕಾನೂನಿನಲ್ಲಿ ಹಾಲು, ಜೇನಿನಂಥವು ಬಿಟ್ಟು ಬೇರೆ ಪ್ರಾಣಿಮೂಲದ ಪದಾರ್ಥ ಇದ್ದರೆ ಹಸಿರು ಗುರುತು ಹಾಕುವ ಹಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇದೇ ಇನೋಸಿನೇಟ್‌ನ ಉದಾಹರಣೆ ಕೊಟ್ಟು, ಪ್ರಾಣಿಮೂಲದ್ದು ಎಷ್ಟೇ ಕಡಿಮೆ ಇದ್ದರೂ ತಿಳಿಸಲೇಬೇಕು ಅಂತ ಹೇಳಿತ್ತು. ಆದರೆ ಹಸಿರು ಗುರುತೇ ಹಲಾಲ್ ಗುರುತಲ್ಲ. ಫ್ಲೇವರ್ ಕರಗಿಸಲು ಆಲ್ಕೋಹಾಲ್ ಬಳಸಿದ್ದರೆ ಅದು ಹಸಿರು ಗುರುತಿನಲ್ಲಿ ಗೊತ್ತಾಗಲ್ಲ. ಹಾಗೇ ಕಂದು ಗುರುತು ಇದ್ದ ಮಾತ್ರಕ್ಕೆ ಹರಾಮ್ ಅಲ್ಲ. 631 ಮೀನಿನದಾಗಿದ್ದರೂ ಕಂದು ಗುರುತೇ ಬರುತ್ತದೆ, ಮೀನು ನಮಗೆ ಹಲಾಲ್ ಅಲ್ವಾ?

ಉಳಿದರ್ಧ ಕೆಲಸಕ್ಕೆ ಪುಡಿ ಮಾಡುವ ಕಂಪನಿಯನ್ನೇ ಕೇಳಬೇಕು. ಡೀಲರ್‌ನ ಕೇಳಿದರೆ, "ಭಾಯ್, ಎಲ್ಲ ವೆಜ್ಜೇ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದರು. ಅವರ ಹತ್ತಿರ ಅದಕ್ಕಿಂತ ಜಾಸ್ತಿ ಮಾಹಿತಿ ಇರಲ್ಲ. ಚೀಲದ ಮೇಲಿದ್ದ ಇಮೇಲ್‌ಗೆ ಬರೆದೆ. ‘ಇದು ಹಲಾಲಾ?’ ಅಂತ ಕೇಳಿದರೆ ‘ಹೌದು’ ಅನ್ನೋ ಒಂದೇ ಪದದ ಉತ್ತರ ಬರುತ್ತದೆ. ಅದಕ್ಕೇ ಬಿಡಿಸಿ ಕೇಳಿದೆ: 627, 631 ಯಾವುದರಿಂದ ಮಾಡಿದ್ದು? ಹುದುಗಿಸಿ ಮಾಡಿದ್ದಾದರೆ ಬ್ಯಾಕ್ಟೀರಿಯಾಕ್ಕೆ ಹಾಕುವ ಆಹಾರದಲ್ಲಿ, ಕಿಣ್ವದಲ್ಲಿ ಪ್ರಾಣಿಮೂಲದ್ದು ಏನಾದರೂ ಇದೆಯಾ? ಫ್ಲೇವರ್‌ನಲ್ಲಿ ಆಲ್ಕೋಹಾಲ್ ಇದೆಯಾ?

ಎರಡನೇ ಪ್ರಶ್ನೆ ಅತಿಯಾಯಿತು ಅನ್ನಿಸಬಹುದು. ಇಂಡೋನೇಷ್ಯಾದಲ್ಲಿ ಆಗಿದ್ದು ಅದೇ. ಅಲ್ಲಿ ಟೇಸ್ಟಿಂಗ್ ಪೌಡರ್ (621) ಮಾಡುವ ಅಜಿನೊಮೊಟೊ ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸಿದ ಸೋಯಾ ಪದಾರ್ಥವನ್ನು ಹಂದಿಯ ಕಿಣ್ವದಿಂದ ತಯಾರಿಸಿದ್ದರು. 2001ರ ಜನವರಿಯಲ್ಲಿ ಅಂಗಡಿಗಳಿಂದ ಮಾಲು ವಾಪಸ್ ಹೋಯಿತು. ಕೊನೆಗೆ ಬಂದ ಪುಡಿಯಲ್ಲಿ ಹಂದಿಯ ಅಂಶ ಇಲ್ಲ ಅಂತ ಆಗಿನ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಅದನ್ನು ಹಲಾಲ್ ಅಂದರು. ಅಲ್ಲಿನ ಧರ್ಮವಿದ್ವಾಂಸರ ಉಲಮಾ ಮಂಡಳಿ ಒಪ್ಪಲಿಲ್ಲ. 2001ರ ಜನವರಿಯಲ್ಲಿ ಅಂಗಡಿಗಳಿಂದ ಮಾಲು ವಾಪಸ್ ಹೋಯಿತು. ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯ ಇರುವ ಇಂಥ ವಿಷಯದಲ್ಲಿ ತೀರ್ಮಾನ ನನ್ನದಲ್ಲ. ಉತ್ತರವನ್ನು ನಮ್ಮ ಮಸೀದಿಯ ಧರ್ಮಗುರು ಹಜರತ್ ಮುಂದೆ ಇಡುತ್ತೇನೆ.

ಕಂಪನಿಯಿಂದ ಬಂದ ಸ್ಪೆಸಿಫಿಕೇಶನ್ ಶೀಟ್‌ನಲ್ಲಿ ಎರಡೂ ಮರಗೆಣಸಿನ ಪಿಷ್ಟದಿಂದ ಹುದುಗಿಸಿದ್ದು ಅಂತ ಇತ್ತು. ಜೊತೆಗೆ ಹಲಾಲ್ ಸರ್ಟಿಫಿಕೇಟ್ ಇತ್ತು. ಅದರಲ್ಲಿ ನಾನು ತರುವ ಪುಡಿಯ ಹೆಸರೇ ಇದೆಯಾ, ಕಾರ್ಖಾನೆ ವಿಳಾಸ ಚೀಲದ ಮೇಲಿನದೇನಾ, ಅವಧಿ ಮುಗಿದಿದೆಯಾ ಅಂತ ಒಂದೊಂದೇ ತಾಳೆ ನೋಡಿದೆ. ಸರ್ಟಿಫಿಕೇಟ್ ನಂಬರ್ ಕೊಟ್ಟು ಅದನ್ನು ಕೊಟ್ಟ ಸಂಸ್ಥೆಗೂ ಫೋನ್ ಮಾಡಿ ಖಚಿತ ಮಾಡಿಕೊಂಡೆ. ಕಾಗದ ತೋರಿಸಿದಾಗ ಹಜರತ್ ಕೂಡ ಅಡ್ಡಿಯಿಲ್ಲ ಅಂದರು.

ಹೊರದೇಶದ ನೂಡಲ್ಸ್ ಪ್ಯಾಕೆಟ್ ತಂದು ತೋರಿಸಿದರೆ, ಅದರಲ್ಲಿ ಮೂಲ ಬರೆದಿಲ್ಲ, ಸರ್ಟಿಫಿಕೇಟೂ ಇಲ್ಲ ಅಂದರೆ, ನಾನು ‘ಹರಾಮ್’ ಅನ್ನಲ್ಲ. ‘ಶಕ್ (ಅನುಮಾನ) ಇದೆ, ಗೊತ್ತಾಗುವ ತನಕ ಬಿಡಿ’ ಅಂತೀನಿ. ನಮ್ಮ ಪುಡಿಯ ಸರ್ಟಿಫಿಕೇಟಿನ ಒಂದು ಜೆರಾಕ್ಸ್ ಗಲ್ಲಾದ ಹತ್ತಿರವೇ ಇರುತ್ತದೆ. ಡೀಲರ್ ಬೇರೆ ಬ್ರಾಂಡ್ ಕಳಿಸಿದರೆ, ಅದೇ ಮೂರು ಪ್ರಶ್ನೆ ಮತ್ತೆ ಕಳಿಸುತ್ತೇನೆ. ಉತ್ತರ ಬರೋ ತನಕ ಆ ಚೀಲ ಒಡೆಯಲ್ಲ.