ಹೊಸ ವೃತ್ತಿಪರ ಫುಟ್‌ಬಾಲ್ ಕ್ಲಬ್ ಕಟ್ಟುವುದು ಹೇಗೆ: ಬೆಂಗಳೂರು ಎಫ್‌ಸಿಯ ಮೊದಲ ಸೀಸನ್‌ಗಳಿಂದ ಕಲಿಯಬೇಕಾದ್ದು

ಬೆಂಗಳೂರು ಎಫ್‌ಸಿ ಅಧಿಕೃತವಾಗಿ ಹುಟ್ಟಿದ್ದು 2013ರ ಜುಲೈ 20ರಂದು. ಸೆಪ್ಟೆಂಬರ್ 22ಕ್ಕೆ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗನ್ ಎದುರು, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗಿನ ತನ್ನ ಮೊದಲ ಪಂದ್ಯ ಆಡಿ 1-1ರಲ್ಲಿ ಡ್ರಾ ಮಾಡಿಕೊಂಡಿತು. 2014ರ ಏಪ್ರಿಲ್ 21ಕ್ಕೆ ಗೋವಾದ ಫಾತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಚಾಂಪಿಯನ್ ಆಯಿತು. ಮೊದಲ ಸೀಸನ್ನಿನಲ್ಲೇ ಪ್ರಶಸ್ತಿ! ಇದನ್ನು ಕಂಡವರಲ್ಲಿ ಬಹಳ ಮಂದಿ, ಹಿಂದೆ ದೊಡ್ಡ ಕಂಪನಿ, ಮುಂದೆ ಸುನಿಲ್ ಛೆಟ್ರಿ ಇದ್ದರೆ ಯಾರು ಬೇಕಾದರೂ ಗೆಲ್ಲಬಹುದು ಎಂದು ಲೆಕ್ಕ ಹಾಕಿದರು. ಆ ಲೆಕ್ಕ ತಪ್ಪು. ಹೊಸ ಕ್ಲಬ್ಬುಗಳು ಸಾಮಾನ್ಯವಾಗಿ ಮುಗ್ಗರಿಸುವುದು ಮೈದಾನದ ಸಮಯ, ಸಂಬಳದ ದಿನಾಂಕ ಮತ್ತು ಕಾಗದಪತ್ರದ ವಿಷಯದಲ್ಲಿ. ಚೆಂಡು ಉರುಳುವ ಮೊದಲೇ ಇವು ಮೂರೂ ಗಟ್ಟಿಯಾಗಬೇಕು.

ಲೀಗಿಗೆ ಬಾಗಿಲು ಯಾವುದು

ಎರಡು ದಾರಿಗಳಿವೆ. ಒಂದು, ನೇರ ಪ್ರವೇಶ. 2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕಂಪನಿಗಳಿಂದ ಬಿಡ್ ಕರೆದಾಗ ಬೆಂಗಳೂರು ಎಫ್‌ಸಿಯ ಒಡೆತನದ ಜೆಎಸ್‌ಡಬ್ಲ್ಯೂ ಬಂದದ್ದು ಹೀಗೆ. ಇನ್ನೊಂದು, ರಾಜ್ಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ಸ್ಥಳೀಯ ಲೀಗ್ ಆಡಿ, ಕೆಳಗಿನ ರಾಷ್ಟ್ರೀಯ ಹಂತಗಳಿಂದ ಮೇಲೇರುವುದು. ಎಸ್‌ಸಿ ಬೆಂಗಳೂರು ಹೀಗೇ 2023-24ರ ಐ-ಲೀಗ್ 2 ಗೆದ್ದು ಐ-ಲೀಗಿಗೆ ಬಂತು, ಮರು ಸೀಸನ್ನಿಗೇ ಕೆಳಗಿಳಿಯಿತು. ಬಡ್ತಿ ಪಡೆದ ತಂಡಕ್ಕೆ ಮೇಲಿನ ಹಂತದ ತಯಾರಿಗೆ ಸಿಗುವ ಸಮಯ ತೀರ ಕಡಿಮೆ. ಆದ್ದರಿಂದ ಕೆಳ ಹಂತದಲ್ಲಿರುವಾಗಲೇ ಮೇಲಿನ ಹಂತದ ಲೈಸೆನ್ಸಿಗೆ ಬೇಕಾದ ಕಡತ ಸಿದ್ಧವಾಗಿರಲಿ.

ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಚೌಕಟ್ಟಿನಲ್ಲಿ ಕ್ಲಬ್ ಲೈಸೆನ್ಸಿಗೆ ಐದು ಭಾಗಗಳು: ಕ್ರೀಡೆ, ಮೂಲಸೌಕರ್ಯ, ಸಿಬ್ಬಂದಿ ಮತ್ತು ಆಡಳಿತ, ಕಾನೂನು, ಹಣಕಾಸು. ಪ್ರತಿ ನಿಯಮಕ್ಕೂ ಎ, ಬಿ ಅಥವಾ ಸಿ ದರ್ಜೆ ಇರುತ್ತದೆ. ಎ ದರ್ಜೆಯದು ಒಂದು ತಪ್ಪಿದರೂ ಲೈಸೆನ್ಸ್ ಇಲ್ಲ. ಬಿ ತಪ್ಪಿದರೆ ದಂಡದಂಥ ಶಿಕ್ಷೆ, ಆದರೆ ಲೈಸೆನ್ಸ್ ಸಿಗುತ್ತದೆ. ಸಿ ಎನ್ನುವುದು ಇದ್ದರೆ ಒಳ್ಳೆಯದು ಎನ್ನುವ ಮಟ್ಟದ್ದು. ಎ ದರ್ಜೆಯವನ್ನಷ್ಟೇ ಪ್ರತ್ಯೇಕ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಒಬ್ಬ ಸಿಬ್ಬಂದಿಯ ಹೆಸರು ಮತ್ತು ಒಂದು ದಿನಾಂಕ ಹಾಕಿ. ಹೊಸಬರು ಕಡೆಯವರೆಗೂ ಮರೆಯುವುದು ಯುವ ತಂಡಗಳನ್ನು ಮತ್ತು ಆಡಿಟ್ ಆದ ಲೆಕ್ಕಪತ್ರವನ್ನು. ಎರಡನ್ನೂ ಕೊನೆಯ ವಾರದಲ್ಲಿ ಹುಟ್ಟಿಸಲಾಗದು.

ಅಂಗಳ

ಸ್ಟ್ರೈಕರ್‌ಗೆ ಕರೆ ಮಾಡುವ ಮೊದಲು ಅಂಗಳದ ಒಪ್ಪಂದಕ್ಕೆ ಸಹಿ ಬೀಳಬೇಕು. ಪಂದ್ಯದ ಅಂಗಳ ಮತ್ತು ಅಭ್ಯಾಸದ ಅಂಗಳ ಬೇರೆ ಬೇರೆ ಇರಬೇಕು. ಒಂದೇ ಹುಲ್ಲಿನ ಮೇಲೆ ವಾರಕ್ಕೆ ಐದು ದಿನ ಅಭ್ಯಾಸ ಮಾಡಿ ಆರನೇ ದಿನ ಪಂದ್ಯ ಆಡಿದರೆ, ಗೋಲ್ ಬಾಯಿ ಮತ್ತು ನಡುವೃತ್ತದ ಹುಲ್ಲು ಕೆಲವೇ ವಾರಗಳಲ್ಲಿ ಬೋಳಾಗುತ್ತದೆ.

ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಬಾಡಿಗೆಗೆ ಅಂಗಳ ನೋಡಲು ಹೋದಾಗ ಟೇಪ್ ಹಿಡಿದು ನೀವೇ ಅಳೆಯಿರಿ. ಹಳೆಯ ಅಂಗಳಗಳಲ್ಲಿ ಗೆರೆಯಿಂದ ಬೇಲಿಗೆ ಸಾಕಷ್ಟು ಜಾಗ ಇರುವುದಿಲ್ಲ, ಪರಿಶೀಲನೆಗೆ ಬಂದವರು ಮೊದಲು ನೋಡುವುದೇ ಅದನ್ನು. ಬರ್ಮುಡಾ ಹುಲ್ಲಾದರೆ 25 ಮಿಲಿಮೀಟರ್ ಆಸುಪಾಸಿಗೆ ಕತ್ತರಿಸಿ. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ನೀರು ಹಾಯಿಸಿದರೆ ಚೆಂಡು ಚುರುಕಾಗಿ ಓಡುತ್ತದೆ. ಪಂದ್ಯ ಮುಗಿದ ಸಂಜೆಯೇ ಕಿತ್ತ ಹುಲ್ಲಿನ ಹೆಂಟೆಗಳನ್ನು ಕೈಯಿಂದ ಕೂರಿಸಿ, ಒತ್ತಿ, ಮರಳು ತುಂಬಬೇಕು. ಮರುದಿನಕ್ಕೆ ಬಿಟ್ಟರೆ ಬೇರು ಒಣಗಿರುತ್ತದೆ.

ಬೆಂಗಳೂರು ಎಫ್‌ಸಿ ಮೊದಲ ಸೀಸನ್ ಆಡಿದ್ದು ಫುಟ್‌ಬಾಲ್ ಸ್ಟೇಡಿಯಂನ ಕೃತಕ ಟರ್ಫ್ ಮೇಲೆ, ಎರಡನೆಯ ಸೀಸನ್ನಿಗೆ ಕಂಠೀರವದ ಸಹಜ ಹುಲ್ಲಿಗೆ ಹೋಯಿತು. ಹೀಗೆ ಅಂಗಳ ಬದಲಿಸುವವರು ಶೂಗಳ ಲೆಕ್ಕವನ್ನೂ ಹಾಕಬೇಕು. ಟರ್ಫಿಗೆ ಗಿಡ್ಡ, ಹೆಚ್ಚು ಸ್ಟಡ್‌ಗಳ (ಶೂ ಅಡಿಯ ಗುಬ್ಬಿಗಳ) ಅಡಿ ಬೇಕು, ಹುಲ್ಲಿಗೆ ಉದ್ದ ಸ್ಟಡ್. ಟರ್ಫಿನಲ್ಲಿ ಉದ್ದ ಸ್ಟಡ್ ಹಾಕಿ ತಿರುಗಿದರೆ ಪಾದ ಕಚ್ಚಿಕೊಂಡು ಮೊಣಕಾಲು ತಿರುಚುತ್ತದೆ. ಮಧ್ಯಾಹ್ನದ ಪಂದ್ಯವಾದರೆ ಟರ್ಫ್ ಕಾದಿರುತ್ತದೆ. ವಾರ್ಮ್‌ಅಪ್‌ಗೆ ಮೊದಲು ಒಮ್ಮೆ, ವಿರಾಮದಲ್ಲಿ ಮತ್ತೊಮ್ಮೆ ನೀರು ಚಿಮುಕಿಸಿ.

ಕಂಠೀರವದಂಥ ಅಥ್ಲೆಟಿಕ್ ಟ್ರ್ಯಾಕ್ ಇರುವ ಸರ್ಕಾರಿ ಸ್ಟೇಡಿಯಂ ಆದರೆ ಇನ್ನೊಂದು ಎಚ್ಚರ. ಅಲ್ಲಿ ಓಟಗಾರರಿಗೆ, ಎಸೆತಗಾರರಿಗೆ ನಿಮಗಿಂತ ಹಳೆಯ ಹಕ್ಕಿದೆ. ಹ್ಯಾಮರ್ ಮತ್ತು ಡಿಸ್ಕಸ್ ಬಿದ್ದ ಗುಂಡಿ ಫುಟ್‌ಬಾಲ್ ಆಡುವವನ ಪಾದಕ್ಕೆ ಅಪಾಯ, ಫುಟ್‌ಬಾಲಿಗಾಗಿ ಟ್ರ್ಯಾಕ್ ಮುಚ್ಚಿದರೆ ಅಥ್ಲೀಟ್‌ನ ಅಭ್ಯಾಸ ಹೋಗುತ್ತದೆ. ಯಾವ ದಿನ ಯಾವ ಗಂಟೆ ಯಾರದು ಎಂಬ ವೇಳಾಪಟ್ಟಿಯನ್ನು ಒಪ್ಪಂದದ ಭಾಗವಾಗಿಯೇ ಬರೆಸಿ, ಅಥ್ಲೆಟಿಕ್ ಕೋಚ್‌ಗಳನ್ನೂ ಕೂರಿಸಿಕೊಂಡು ಮಾತಾಡಿ. ಬೆಂಗಳೂರಿನಲ್ಲಿ ಕಂಠೀರವದ ಬಳಕೆಯ ಬಗ್ಗೆ ಫುಟ್‌ಬಾಲ್ ಕ್ಲಬ್ಬಿಗೂ ಅಥ್ಲೀಟ್‌ಗಳಿಗೂ ಈ ತಕರಾರು ದೊಡ್ಡದಾಗಿಯೇ ಬೆಳೆಯಿತು. ಅದರಲ್ಲಿ ಅಥ್ಲೀಟ್‌ಗಳ ವಾದಕ್ಕೂ ನ್ಯಾಯವಿತ್ತು.

ಹಣ, ಮತ್ತು ತಿಂಗಳ ಸಂಬಳ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆಗೆ ಹೊಸ ಕ್ಲಬ್ಬುಗಳಿಗಿಂತ ಒಳ್ಳೆ ಉದಾಹರಣೆ ಸಿಗದು. ದುಬಾರಿ ವಿದೇಶಿ ಆಟಗಾರ ಬರುತ್ತಾನೆ, ನಾಲ್ಕನೇ ತಿಂಗಳಿಗೆ ಸಂಬಳ ನಿಲ್ಲುತ್ತದೆ. ಆಮೇಲೆ ಆಗುವುದನ್ನು ಫಿಫಾ ನಿಯಮ ಸ್ಪಷ್ಟವಾಗಿ ಹೇಳುತ್ತದೆ: ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಆಟಗಾರ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಕಾದು, ಕರಾರು ಮುರಿದು ಹೊರಡಬಹುದು. ತಪ್ಪು ಕ್ಲಬ್ಬಿನದಾದ್ದರಿಂದ ಪರಿಹಾರವನ್ನೂ ಕೇಳಬಹುದು. ತೀರ್ಪಿನ ಹಣ ಕಟ್ಟದಿದ್ದರೆ ಸತತ ಮೂರು ನೋಂದಣಿ ಅವಧಿಗಳವರೆಗೆ ಹೊಸ ಆಟಗಾರರನ್ನು ಸೇರಿಸಿಕೊಳ್ಳುವಂತಿಲ್ಲ. ಹೊಸ ಕ್ಲಬ್ಬಿಗೆ ಅದು ಒಂದೂವರೆ ವರ್ಷ ಉಸಿರು ಕಟ್ಟಿದಂತೆ.

ಆದ್ದರಿಂದ ಸೀಸನ್ ಶುರುವಾಗುವ ಮೊದಲೇ ಮೂರು ತಿಂಗಳ ಪೂರ್ತಿ ಸಂಬಳವನ್ನು ಪ್ರತ್ಯೇಕ ಖಾತೆಯಲ್ಲಿಡಿ, ಪ್ರಾಯೋಜಕರ ಹಣ ತಡವಾದಾಗ ಮಾತ್ರ ಮುಟ್ಟಿ. ಪ್ರಾಯೋಜಕರು ಕಂತಿನಲ್ಲಿ ಕೊಡುತ್ತಾರೆ, ಆಟಗಾರರ ಮನೆ ಬಾಡಿಗೆ ಕಂತು ನೋಡುವುದಿಲ್ಲ. ಟಿಕೆಟ್ ಹಣವನ್ನು ಮೊದಲ ಎರಡು ಸೀಸನ್ ಬಜೆಟ್ಟಿನ ಆದಾಯದಲ್ಲಿ ಸೇರಿಸಲೇಬೇಡಿ, ಬಂದರೆ ಪಂದ್ಯದ ದಿನದ ಖರ್ಚಿಗೆ ಆಯಿತು. ಮಾನ್ಯತೆ ಪಡೆದ ಕ್ರೀಡಾಕೂಟಕ್ಕೆ ತಲೆಗೆ 500 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನ್ಯ ಸ್ಟ್ಯಾಂಡಿನ ಬೆಲೆ ಅದರೊಳಗೇ ಇರಲಿ.

ಆಟಗಾರರನ್ನು ಆರಿಸುವುದು

ಮೊದಲು ಕೋಚ್, ಆಮೇಲೆ ಆಟಗಾರರು. ಬೆಂಗಳೂರು ಆಶ್ಲಿ ವೆಸ್ಟ್‌ವುಡ್ ಅವರನ್ನು ಮೊದಲೇ ನೇಮಿಸಿ, ಅವರ ಆಟದ ರೀತಿಗೆ ಹೊಂದುವವರನ್ನು ತಂದಿತು. ನಾಲ್ಕು ವಿದೇಶಿ ಸ್ಥಾನಗಳನ್ನು ಅದು ಬಳಸಿದ ಬಗೆ ಗಮನಿಸಿ: ಹಿಂಭಾಗದ ನಡುವಿಗೆ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ, ಮುಂದಕ್ಕೆ ಲೈಬೀರಿಯಾದ ಜಾನಿ ಮೆನ್ಯಾಂಗರ್, ಏಷ್ಯನ್ ಒಕ್ಕೂಟದ ದೇಶಗಳವರಿಗೆ ಮೀಸಲಾದ ಏಷ್ಯಾ ಕೋಟಾದಲ್ಲಿ ಆಸ್ಟ್ರೇಲಿಯಾದ ಶಾನ್ ರೂನಿ. ಎರಡು ಸ್ಥಾನ ಡಿಫೆನ್ಸಿಗೇ ಹೋದವು. ಮುಂದೆ ಛೆಟ್ರಿ, ರಾಬಿನ್ ಸಿಂಗ್ ಇದ್ದದ್ದರಿಂದ ಅದು ಸಾಧ್ಯವಾಯಿತು, ಛೆಟ್ರಿ ಆ ಲೀಗಿನಲ್ಲಿ 14 ಗೋಲು ಹೊಡೆದರು. ಭಾರತೀಯರಲ್ಲಿ ಎಲ್ಲಿ ಬಲ ಸಿಗುವುದಿಲ್ಲವೋ ಅಲ್ಲಿಗೆ ವಿದೇಶಿಯರನ್ನು ತನ್ನಿ. ನಾಲ್ಕನ್ನೂ ಮುಂಭಾಗಕ್ಕೆ ಸುರಿಯುವ ತಂಡ 3-3 ಪಂದ್ಯಗಳನ್ನು ಆಡುತ್ತಲೇ ಸೀಸನ್ ಮುಗಿಸುತ್ತದೆ.

ತಂಡದಲ್ಲಿ 25 ಮಂದಿ ಇರಲಿ: ಮೂವರು ಗೋಲ್‌ಕೀಪರ್‌ಗಳು, ಪ್ರತಿ ಜಾಗಕ್ಕೆ ಇಬ್ಬರು, ಎರಡು ಜಾಗ ಆಡಬಲ್ಲ ಇಬ್ಬರು. ಊರಿನ ಹುಡುಗರನ್ನು ಬಿಡಬೇಡಿ. ಮೊದಲ ತಂಡದಲ್ಲೇ ಬೆಂಗಳೂರಿನ ಶಂಕರ್ ಸಂಪಂಗಿರಾಜ್ ಇದ್ದರು. ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳಲ್ಲಿ ಫುಟ್‌ಬಾಲ್ ತಲೆಮಾರುಗಳಿಂದ ಇದೆ. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ಮೇಲೆ ಅದೇ ಮೊದಲು. ಬೆಂಗಳೂರಿನ ಸ್ಥಳೀಯ ಲೀಗಾದ ಸೂಪರ್ ಡಿವಿಷನ್ ಪಂದ್ಯಗಳಿಗೆ ಪ್ರತಿಭೆ ಹುಡುಕುವ ಸ್ಕೌಟ್ ಒಬ್ಬರನ್ನು ಖಾಯಂ ಕೂರಿಸುವುದಕ್ಕೆ ತಗಲುವುದು ಒಂದು ವಿಮಾನ ಟಿಕೆಟ್ಟಿನಷ್ಟು ಹಣ.

ಕರಾರಿನಲ್ಲಿ ಎಡವುವ ಜಾಗಗಳು ಇವು:

- ವೈದ್ಯಕೀಯ ತಪಾಸಣೆ ಸಹಿಗೆ ಮೊದಲೇ ಮುಗಿಯಬೇಕು. ‘ತಪಾಸಣೆಯಲ್ಲಿ ಪಾಸಾದರೆ ಮಾತ್ರ ಕರಾರು’ ಎಂಬ ಷರತ್ತು ಫಿಫಾ ನಿಯಮದಲ್ಲಿ ನಡೆಯದು. ಇಸಿಜಿ, ಎಕೊ, ಮೊಣಕಾಲಿನ ಸ್ಕ್ಯಾನ್ ನೋಡದೆ ಸಹಿ ಹಾಕಿದರೆ ಹಳೆಯ ಗಾಯದ ಪೂರ್ತಿ ಸಂಬಳ ನಿಮ್ಮದು.
- ಅವಧಿ ಕನಿಷ್ಠ ಸೀಸನ್ ಮುಗಿಯುವವರೆಗೆ, ಸಾಮಾನ್ಯವಾಗಿ ಗರಿಷ್ಠ ಐದು ವರ್ಷ. 18 ತುಂಬದವರಿಗೆ ಮೂರು ವರ್ಷಕ್ಕಿಂತ ಹೆಚ್ಚಿಲ್ಲ.
- ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನೊಂದಿಗೆ ಮುಕ್ತವಾಗಿ ಕರಾರು ಮಾಡಿಕೊಳ್ಳಬಹುದು. ಉಳಿಸಿಕೊಳ್ಳಬೇಕಾದವರೊಂದಿಗೆ ಅದಕ್ಕೆ ಮೊದಲೇ ಮಾತು ಮುಗಿಸಿ.
- ವಿದೇಶಿ ಆಟಗಾರನಿಗೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಮತ್ತು ಉದ್ಯೋಗ ವೀಸಾ ಎರಡೂ ಬೇಕು. ಪ್ರವಾಸಿ ವೀಸಾದಲ್ಲಿ ಕರೆಸಿ ಆಮೇಲೆ ನೋಡೋಣ ಎಂದರೆ ಆತ ಮರಳಿ ಹೋಗಿ ಬರಬೇಕಾಗುತ್ತದೆ, ಅಷ್ಟರಲ್ಲಿ ನೋಂದಣಿ ಅವಧಿ ಮುಗಿದಿರುತ್ತದೆ.

ವಾರದ ಕೆಲಸ

ತಯಾರಿಗೆ ಆರು ವಾರ ಬೇಕು. ಮೊದಲ ಎರಡು ಓಟ ಮತ್ತು ಬಲಕ್ಕೆ, ನಡುವಿನ ಎರಡು ಆಟದ ರಚನೆಗೆ, ಕೊನೆಯ ಎರಡು ಅಭ್ಯಾಸ ಪಂದ್ಯಗಳಿಗೆ. ಭಾನುವಾರ ಪಂದ್ಯವಿದ್ದರೆ ಸೋಮವಾರ ಆಡಿದವರಿಗೆ ಈಜು ಅಥವಾ ಸೈಕಲ್, ಆಡದವರಿಗೆ ಪೂರ್ತಿ ಅಭ್ಯಾಸ. ಮಂಗಳವಾರ ರಜೆ. ಬುಧವಾರ, ಗುರುವಾರ ಕಠಿಣ ಅಭ್ಯಾಸ. ಶುಕ್ರವಾರ ಎದುರಾಳಿಯ ಅಧ್ಯಯನ, ಶನಿವಾರ ಕಾರ್ನರ್ ಮತ್ತು ಫ್ರೀಕಿಕ್ ಮಾತ್ರ, 45 ನಿಮಿಷ. ಸೋತ ಸಿಟ್ಟಿನಲ್ಲಿ ಸೋಮವಾರವೇ ಓಡಿಸುವ ಕೋಚ್‌ಗಳಿದ್ದಾರೆ. ತೊಡೆಯ ಹಿಂಭಾಗದ ಸ್ನಾಯು ಹರಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಸಾಮಾನು: ಐದನೇ ಅಳತೆಯ ಚೆಂಡು 30, ಪ್ರತಿಯೊಬ್ಬರಿಗೂ ಅಭ್ಯಾಸದ ಮೂರು ಜೊತೆ ಬಟ್ಟೆ. ಚೆಂಡಿನ ತೂಕ 410ರಿಂದ 450 ಗ್ರಾಂ, ಒಳಗಿನ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್. ಲೀಗ್ ಬಳಸುವ ಕಂಪನಿಯ ಚೆಂಡನ್ನೇ ಕೊಳ್ಳಿ.

ಎರಡನೆಯ ಸೀಸನ್ ಮೊದಲನೆಯದಕ್ಕಿಂತ ಕಷ್ಟ

ಇದನ್ನು ಹೊಸ ಮಾಲೀಕರು ನಂಬುವುದಿಲ್ಲ. 2013-14ರಲ್ಲಿ 13 ತಂಡಗಳ ಲೀಗ್, ಒಂದು ತಂಡಕ್ಕೆ 24 ಪಂದ್ಯ. ಬೆಂಗಳೂರಿಗೆ ಏಷ್ಯಾದ ಪಂದ್ಯಗಳಿರಲಿಲ್ಲ. ಗೆದ್ದ ಮೇಲೆ ಕ್ಯಾಲೆಂಡರ್ ತುಂಬಿತು: ಏಷ್ಯನ್ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಎದುರು ಹೆಚ್ಚುವರಿ ಸಮಯದಲ್ಲಿ ಸೋಲು, ಆಮೇಲೆ ಏಷ್ಯನ್ ಒಕ್ಕೂಟದ ಎರಡನೇ ಹಂತದ ಕ್ಲಬ್ ಟೂರ್ನಿಯಾದ ಎಎಫ್‌ಸಿ ಕಪ್, ಜೊತೆಗೆ ಲೀಗ್. ಫೆಡರೇಷನ್ ಕಪ್ ಗೆದ್ದರು, ಲೀಗ್ ಕೈತಪ್ಪಿತು. 2015ರ ಮೇ 31ರಂದು ಕಂಠೀರವದಲ್ಲಿ ಕೊನೆಯ ಪಂದ್ಯ, ಗೆದ್ದರೆ ಪ್ರಶಸ್ತಿ. ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡಕ್ಕೆ 87ನೇ ನಿಮಿಷದಲ್ಲಿ ಮೋಹನ್ ಬಾಗನ್‌ನ ಬೆಲ್ಲೊ ರಜಾಕ್ ಸಮಬಲದ ಏಟು ಕೊಟ್ಟರು. 1-1, ಟ್ರೋಫಿ ಕೋಲ್ಕತ್ತಕ್ಕೆ.

ಗೆದ್ದ ತಂಡವನ್ನು ಹಾಗೇ ಉಳಿಸಿಕೊಂಡರೆ ಸಾಲದು, ಒಡೆದು ಹೊಸದಾಗಿ ಕಟ್ಟುವುದೂ ತಪ್ಪು. ಬೆಂಗಳೂರು ಬೆನ್ನೆಲುಬನ್ನು ಉಳಿಸಿಕೊಂಡು ಯೂಜೆನ್‌ಸನ್ ಲಿಂಗ್ಡೊ ಅವರಂಥ ಸಿದ್ಧ ಆಟಗಾರರನ್ನೂ, ಟಾಟಾ ಅಕಾಡೆಮಿಯಿಂದ ಉದಾಂತ ಸಿಂಗ್ ಅವರಂಥ ಎಳೆಯರನ್ನೂ ಸೇರಿಸಿತು. 2015-16ರಲ್ಲಿ ಲೀಗ್ ಮತ್ತೆ ಅವರದಾಯಿತು. ಪ್ರತಿ ಸೀಸನ್ನಿಗೆ ಐದಾರು ಮಂದಿ ಬದಲಾವಣೆ, ಅದರಲ್ಲಿ ಇಬ್ಬರು 21ರ ಒಳಗಿನವರು ಎಂಬುದು ಒಳ್ಳೆಯ ಅಳತೆ.

ಹಳದಿ ಕಾರ್ಡುಗಳ ಪಟ್ಟಿಯನ್ನು ತಂಡದ ಮ್ಯಾನೇಜರ್ ಪಂದ್ಯಾವಳಿವಾರು ಬರೆದಿಡಬೇಕು, ನಾಕೌಟ್ ಪಂದ್ಯದ ಹಿಂದಿನ ದಿನ ಕೋಚ್ ಮುಂದೆ ಇಡಬೇಕು. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್, ಅಲ್ಲಿಗೆ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರು. ಕಾರ್ಡುಗಳಿಂದಾಗಿ ಖಾಯಂ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹೊರಗಿದ್ದರು, ಲಾಲ್‌ತುವಮ್ಮಾವಿಯಾ ರಾಲ್ಟೆ ಕಂಬದ ನಡುವೆ ನಿಂತರು. ಇರಾಕಿನ ಏರ್‌ಫೋರ್ಸ್ ಕ್ಲಬ್ 1-0ರಿಂದ ಗೆದ್ದಿತು. ಎರಡನೇ ಗೋಲ್‌ಕೀಪರ್‌ಗೆ ಸೀಸನ್ನಿನಲ್ಲಿ ಕನಿಷ್ಠ ನಾಲ್ಕೈದು ಪೂರ್ತಿ ಪಂದ್ಯಗಳನ್ನು ಕೊಡಿ ಎನ್ನುವುದು ಇಂಥ ರಾತ್ರಿಗಳಿಗಾಗಿ.

ಜನ

ಅಭಿಮಾನಿಗಳಿಗೆ ಮೊದಲ ಪಂದ್ಯದಿಂದಲೇ ಒಂದು ಖಾಯಂ ಮೂಲೆ ಕೊಡಿ. ಬೆಂಗಳೂರು ಎಫ್‌ಸಿಯ ಅಭಿಮಾನಿ ಬಳಗ ‘ವೆಸ್ಟ್ ಬ್ಲಾಕ್ ಬ್ಲೂಸ್’ ತನ್ನ ಹೆಸರನ್ನೇ ಸ್ಟ್ಯಾಂಡಿನಿಂದ ಪಡೆಯಿತು. ಆ ಮೂಲೆಯ ಟಿಕೆಟ್ ಅಗ್ಗವಾಗಿರಲಿ, ಡ್ರಮ್ ಮತ್ತು ಬ್ಯಾನರಿಗೆ ಪೊಲೀಸರಿಂದ ಮುಂಚಿತವಾಗಿ ಒಪ್ಪಿಗೆ ಕೊಡಿಸಿ, ಅವರ ಜೊತೆ ಮಾತಾಡಲು ಕನ್ನಡ ಬಲ್ಲ ಒಬ್ಬ ಸಿಬ್ಬಂದಿ ಇರಲಿ. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಳ್ಳುವ ನಿಯಮ ಇದ್ದರೆ ಒಳಗೆ ಉಚಿತ ಕುಡಿಯುವ ನೀರು ಇರಲೇಬೇಕು. ಪಂದ್ಯ ಮುಗಿಯುವ ಹೊತ್ತಿಗೆ ಬಸ್, ಮೆಟ್ರೊ ಸಿಗುವಂತೆ ಆರಂಭದ ಸಮಯ ಗೊತ್ತುಮಾಡಿಸಿಕೊಳ್ಳಿ. ವಾರದ ದಿನ ರಾತ್ರಿ ತಡವಾಗಿ ಶುರುವಾಗುವ ಪಂದ್ಯಕ್ಕೆ ಮಕ್ಕಳೊಂದಿಗೆ ಬರುವವರು ಎರಡನೇ ಸಲ ಬರುವುದಿಲ್ಲ.