ಸಾಲ ತರದೆ ಮಿಶ್ರ ಭಿನ್ನರಾಶಿ ಕಳೆಯುವುದು: ನನ್ನ ಅನುಭವ

ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ತೆಗೆದು ಛೇದ ಸಮ ಮಾಡುವವರೆಗೆ ಮಕ್ಕಳಿಗೆ ಅಷ್ಟು ತೊಂದರೆಯಿಲ್ಲ. ಲೆಕ್ಕ ಕೆಡುವುದು ಮುಂದಿನ ಸಾಲಿನಲ್ಲಿ. 7 1/6 − 3 3/4 ಕೊಡಿ. ಅದು 7 2/12 − 3 9/12 ಆಗುತ್ತದೆ. ಎರಡರಲ್ಲಿ ಒಂಬತ್ತು ಹೋಗುವುದಿಲ್ಲ. ಸರಿಯುತ್ತರ 3 5/12. 4 7/12 ಬರೆದವರು ಒಂಬತ್ತರಿಂದಲೇ ಎರಡು ಕಳೆದಿರುತ್ತಾರೆ. 3 1/4 ಬರೆದವರು ಏಳರಿಂದ ಸಾಲ ತಂದಿದ್ದಾರೆ, ಆದರೆ ಪೂರ್ಣ ಸಂಖ್ಯೆಗಳ ರೂಢಿಯಂತೆ ಹತ್ತು ತಂದಿದ್ದಾರೆ: 10 + 2 = 12, ಅದರಲ್ಲಿ 9 ಹೋದರೆ 3. ತರಬೇಕಾದದ್ದು 12/12. ಇದನ್ನು ಕೈತಪ್ಪು ಎಂದುಕೊಂಡು ಬರೀ ಅಭ್ಯಾಸ ಹೆಚ್ಚಿಸಿದೆ. ತಪ್ಪು ಇನ್ನಷ್ಟು ಬೇರೂರಿತು.

ವಿಷಮ ಭಿನ್ನರಾಶಿ (ಅಂಶವೇ ಛೇದಕ್ಕಿಂತ ದೊಡ್ಡದು) ಮಾಡಿ ಕಳೆಯುವುದು ಸುರಕ್ಷಿತ ಎನ್ನುವವರಿದ್ದಾರೆ. 23 5/18 − 19 7/12 ಮಾಡಿ ನೋಡಲಿ. ಛೇದ 36, ಅಂಶಗಳು 838 ಮತ್ತು 705. ಲ.ಸಾ.ಅ. ಬಿಟ್ಟು ಛೇದಗಳನ್ನೇ ಗುಣಿಸಿದವರು 5028, 4230ರ ಜೊತೆ ಗುದ್ದಾಡಬೇಕು. ಭಿನ್ನರಾಶಿ ಗೊತ್ತಿದ್ದೂ ಗುಣಾಕಾರದಲ್ಲಿ ಎಡವುತ್ತಾರೆ.

ಕೊನೆಗೆ ಕೈಹಿಡಿದದ್ದು ತುಂಬಿಸಿ ಕಳೆಯುವುದು. ಕಳೆಯಬೇಕಾದ ಸಂಖ್ಯೆ ಪೂರ್ಣವಾಗಲು ಎಷ್ಟು ಬೇಕೋ ಅಷ್ಟನ್ನು ಎರಡೂ ಕಡೆ ಕೂಡಿಸಿ. 3 9/12ಕ್ಕೆ 3/12 ಬೇಕು. ಎರಡಕ್ಕೂ ಕೂಡಿಸಿದರೆ 7 5/12 − 4, ಅಂದರೆ 3 5/12. ಮೇಲಿನ ದೊಡ್ಡ ಲೆಕ್ಕದಲ್ಲಿ 15/36 ಕೂಡಿಸಿ: 23 25/36 − 20 = 3 25/36. ಬಾಯಿಲೆಕ್ಕಕ್ಕೇ ಸಿಗುತ್ತದೆ. 5 − 2 3/8ರಲ್ಲಿ 3/8 ಹಾಗೇ ಇಳಿಸಿ 3 3/8 ಬರೆಯುತ್ತಿದ್ದವರು ಈಗ 5 5/8 − 3 ಮಾಡಿ 2 5/8 ಬರೆಯುತ್ತಾರೆ. ಹೆಚ್ಚುಕಡಿಮೆ ಎರಡು ನಿಮಿಷ ಹಿಡಿಯುತ್ತಿದ್ದದ್ದು ಅರ್ಧ ನಿಮಿಷಕ್ಕೆ ಇಳಿಯಿತು. ಇದು ಅಡ್ಡದಾರಿ, ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ ಎಂದವರೂ ಈಗ ಇದನ್ನೇ ಹೇಳಿಕೊಡುತ್ತಿದ್ದಾರೆ.

ಇದರಲ್ಲೂ ಜಾರುವ ಜಾಗವೊಂದಿದೆ. ಒಂದೇ ಕಡೆ ಕೂಡಿಸಿ 7 2/12 − 4 = 3 2/12 ಬರೆಯುತ್ತಾರೆ. ಅದಕ್ಕೆ ಎರಡೂ ಸಂಖ್ಯೆಗಳ ಕೆಳಗೆ ಮೊದಲು +3/12 ಬರೆಸಿ, ಆಮೇಲೆ ಕೂಡಿಸಲು ಹೇಳಿ. ಸಂಖ್ಯಾರೇಖೆಯ ಮೇಲೆ ಎರಡೂ ಬಿಂದುಗಳನ್ನು 1/12ರ ಮೂರು ಮನೆ ಬಲಕ್ಕೆ ಸರಿಸಿ ತೋರಿಸಿದರೆ, ನಡುವಿನ ಅಂತರ ಬದಲಾಗದಿರುವುದು ಕಣ್ಣಿಗೆ ಕಾಣುತ್ತದೆ. ದುಡ್ಡು ಕೊಟ್ಟು ತಂದ ಪ್ಲಾಸ್ಟಿಕ್ ಪಟ್ಟಿಗಳು 12ರ ಛೇದಕ್ಕೇ ಮುಗಿದವು, 36ಕ್ಕೆ ಕೆಲಸಕ್ಕೆ ಬರಲಿಲ್ಲ. ಚೌಕುಳಿ ಹಾಳೆಯಲ್ಲಿ 36 ಮನೆಯ ಪಟ್ಟಿ ಕತ್ತರಿಸಿದರೆ ಸಾಕು.

ಋಣ ಸಂಖ್ಯೆ ಕಲಿತವರಿಗೆ ಇನ್ನೊಂದು ದಾರಿಯನ್ನೂ ಪ್ರಯತ್ನಿಸಿದೆ: 7 − 3 = 4, 2/12 − 9/12 = −7/12, ಎರಡೂ ಸೇರಿ 3 5/12. ಚೆಂದದ ದಾರಿ. ಆದರೆ ನಡುವಿನ ಋಣ ಚಿಹ್ನೆ ಮರೆತರೆ ಅದೇ 4 7/12ಕ್ಕೆ ವಾಪಸ್. ಹಾಗಾಗಿ ಕೈಬಿಟ್ಟೆ.

ಪ್ರತಿ ತಪ್ಪಿಗೂ ಬೇರೆಬೇರೆ ಉತ್ತರ ಬರುವಂತೆ ಛೇದಗಳನ್ನು ಆರಿಸುವ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ಬಿಚ್ಚಿಡುವುದಿಲ್ಲ. 7 5/6 − 3 1/4 ಥರದ, ನೇರವಾಗಿ ಹೋಗುವ ಲೆಕ್ಕಕ್ಕೆ ಮಾತ್ರ ತುಂಬಿಸಲು ಹೋಗಬೇಡಿ. ಅಲ್ಲಿ 10/12ರಿಂದ 3/12 ಕಳೆದರೆ ಮುಗಿಯಿತು.